ಮಗಳ ಇಂಜಿನಿಯರಿಂಗ್ ಫೀಸು, ಎಂಟು ಲಕ್ಷದ ಗೆರೆ, ಮಾವನ ರಾತ್ರಿಶಾಲೆ ಸರ್ಟಿಫಿಕೇಟು

ನಾವಿರೋದು ಮುಂಬೈನ ಮಾಲಾಡಲ್ಲಿ. ಮಗಳು ಹೋದ ವರ್ಷ ಸಿಇಟಿ ಬರೆದ್ಲು, ಇಂಜಿನಿಯರಿಂಗೇ ಮಾಡ್ತೀನಿ ಅಂತ ಒಂಬತ್ತನೇ ಕ್ಲಾಸಿಂದ ಹೇಳ್ತಾ ಬಂದವಳು. ಅವಳಿಗೆ ಕಾಲೇಜು ಸಿಗತ್ತೆ ಅನ್ನೋದರಲ್ಲಿ ನಂಗೆ ಅನುಮಾನ ಇರ್ಲಿಲ್ಲ, ನಂಗೆ ಇದ್ದ ಚಿಂತೆ ಒಂದೇ, ಸಿಕ್ಕ ಕಾಲೇಜಿಗೆ ನಾಲ್ಕು ವರ್ಷ ದುಡ್ಡು ಕಟ್ಟೋಕೆ ನಮ್ಮಿಂದ ಆಗತ್ತಾ, ಸರಕಾರದಿಂದ ಏನಾದ್ರೂ ಸಹಾಯ ಬರತ್ತಾ, ಬಂದ್ರೆ ಎಷ್ಟು. ಯಾರನ್ನ ಕೇಳಿದ್ರೂ ಒಂದೇ ಉತ್ತರ, "ಮೊದ್ಲು ಅಡ್ಮಿಷನ್ ಆಗ್ಲಿ, ಆಮೇಲೆ ಸ್ಕಾಲರ್‌ಶಿಪ್ ಫಾರ್ಮ್ ತುಂಬಿ ನೋಡಿ". ನಂಗೆ ಆ ಮಾತು ಒಪ್ಪಿಗೆ ಆಗ್ಲಿಲ್ಲ. ಅಡ್ಮಿಷನ್ ಆದ್ಮೇಲೆ ಗೊತ್ತಾಗಿ ಏನು ಪ್ರಯೋಜನ, ಯಾವ ಕಾಲೇಜು ಹಾಕ್ಬೇಕು ಅನ್ನೋದೇ ದುಡ್ಡಿನ ಮೇಲೆ ನಿಂತಿರೋವಾಗ.

ನಮ್ಮ ನಾದಿನಿ ಅಮೆರಿಕದಲ್ಲಿದಾಳೆ, ನ್ಯೂಜೆರ್ಸಿಲಿ. ಅವಳ ಮಗ ಕಾಲೇಜಿಗೆ ಹೋಗೋ ಹೊತ್ತಲ್ಲಿ ಅವಳು ಹೇಳಿದ್ದು ನೆನಪಿತ್ತು, ಅಲ್ಲಿ ಕೇಂದ್ರದ ಸ್ಟೂಡೆಂಟ್ ಏಡ್ ಯೋಜನೇಲಿರೋ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅಂತ ಒಂದು ಇಡ್ಲೇಬೇಕಂತೆ, 2011ರಿಂದ ಕಾನೂನೇ ಹಾಗಿದೆ, ಮನೆ ಆದಾಯ, ಉಳಿತಾಯ, ಮನೇಲಿ ಎಷ್ಟು ಜನ ಅಂತ ಹಾಕಿದ್ರೆ ನಿಮ್ಮ ಕೈಯಿಂದ ಸುಮಾರು ಎಷ್ಟು ಹೋಗ್ಬಹುದು ಅಂತ ತೋರ್ಸತ್ತೆ. ಆಮೇಲೆ ಫಾಫ್ಸಾ ಅಂತ ಕೇಂದ್ರ ಸರಕಾರದ ಫಾರ್ಮು, ಅದರಿಂದ ಸ್ಟೂಡೆಂಟ್ ಏಡ್ ಇಂಡೆಕ್ಸ್ ಅಂತ ಒಂದು ಸಂಖ್ಯೆ ಬರತ್ತೆ, ಆ ಸಂಖ್ಯೆ ಕಮ್ಮಿ ಇದ್ದಷ್ಟೂ ಸಹಾಯ ಜಾಸ್ತಿ. ಅರ್ಜಿ ಹಾಕೋಕೆ ಮುಂಚೆನೇ ಅಂದಾಜು ಮಾಡ್ಕೊಳ್ಳೋದು ಅಲ್ಲಿ ಎಲ್ಲರೂ ಮಾಡೋ ಕೆಲಸ ಅಂದ್ಲು. ಅವಳು ಹೇಳಿದ್ದನ್ನ ಕೇಳಿ ನಂಗೆ ಅನ್ನಿಸ್ತು, ಇಲ್ಲಿ ಅಂಥ ಕ್ಯಾಲ್ಕುಲೇಟರ್ ಇಲ್ದಿದ್ರೇನು, ನಿಯಮ ಎಲ್ಲಾ ಜಿಆರ್‌ಲಿ, ಅಂದ್ರೆ ಸರಕಾರದ ಆದೇಶದಲ್ಲಿ, ಬರೆದೇ ಇದೆ, ಕೂತು ಓದಿದ್ರೆ ನಾವೇ ಲೆಕ್ಕ ಹಾಕ್ಬಹುದು ಅಂತ. ಮಗಳ ಹಳೇ ಕೆಮಿಸ್ಟ್ರಿ ನೋಟ್‌ಬುಕ್ಕಲ್ಲಿ ಖಾಲಿ ಹಾಳೆ ಉಳಿದಿತ್ತು, ಅದ್ರಲ್ಲೇ ಶುರು ಮಾಡಿದೆ.

ಮೊದ್ಲು ಯಾವ ಯಾವ ಯೋಜನೆ ಇದೆ ಅಂತ ಬರ್ಕೊಂಡೆ. ಮಹಾರಾಷ್ಟ್ರದಲ್ಲಿ ಓಪನ್, ಅಂದ್ರೆ ಜಾತಿ ಮೀಸಲಾತಿ ಇಲ್ಲದ ಮನೆಯವರಿಗೆ ದೊಡ್ಡದು ಅಂದ್ರೆ ರಾಜರ್ಷಿ ಛತ್ರಪತಿ ಶಾಹು ಮಹಾರಾಜ್ ಶಿಕ್ಷಣ ಶುಲ್ಕ ಶಿಷ್ಯವೃತ್ತಿ, ಎಲ್ಲರೂ ಇಬಿಸಿ ಅಂತಾರೆ, ಮಹಾಡಿಬಿಟಿ ಅನ್ನೋ ರಾಜ್ಯ ಸರಕಾರದ ಪೋರ್ಟಲಲ್ಲಿ ಅರ್ಜಿ. ಮನೆ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ರೆ ಟ್ಯೂಷನ್ ಫೀಯಲ್ಲಿ ಅರ್ಧ, ಪರೀಕ್ಷೆ ಫೀಯಲ್ಲಿ ಅರ್ಧ ಸರಕಾರ ಕೊಡತ್ತೆ. ಇದರ ಮೇಲೆ 2024ರ ಜುಲೈಯಲ್ಲಿ ಹೊಸ ಜಿಆರ್ ಬಂತು, 2024-25ರಿಂದ ಇಡಬ್ಲ್ಯುಎಸ್ (ಜಾತಿ ಮೀಸಲಾತಿ ಇಲ್ಲದವರಲ್ಲಿ ಆದಾಯ ಕಮ್ಮಿ ಇರೋರು), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಓಬಿಸಿ ಹುಡುಗಿಯರಿಗೆ ವೃತ್ತಿಪರ ಕೋರ್ಸಿಗೆ ಅರ್ಧದ ಬದ್ಲು ಪೂರ್ತಿ 100 ಪರ್ಸೆಂಟ್, ಆದಾಯದ ಗೆರೆ ಅದೇ 8 ಲಕ್ಷ. ಇನ್ನೊಂದು ಟಿಎಫ್‌ಡಬ್ಲ್ಯುಎಸ್, ಅಂದ್ರೆ ಟ್ಯೂಷನ್ ಫೀ ಮಾಫಿ ಯೋಜನೆ, ಅದು ಎಐಸಿಟಿಇ ಅನ್ನೋ ದೇಶದ ತಾಂತ್ರಿಕ ಶಿಕ್ಷಣ ಮಂಡಳಿದು, ಪ್ರತಿ ಕೋರ್ಸಲ್ಲಿ 5 ಪರ್ಸೆಂಟ್ ಹೆಚ್ಚುವರಿ ಸೀಟು, ಆ ಸೀಟು ಸಿಕ್ಕರೆ ಟ್ಯೂಷನ್ ಫೀ ಕಟ್ಟೋದೇ ಬೇಡ, ಅದಕ್ಕೂ 8 ಲಕ್ಷದ್ದೇ ಗೆರೆ. ಮತ್ತೆ ಎಐಸಿಟಿಇದೇ ಪ್ರಗತಿ ಸ್ಕಾಲರ್‌ಶಿಪ್ಪು, ಹುಡುಗಿಯರಿಗೆ ವರ್ಷಕ್ಕೆ 50,000, ಆದ್ರೆ ಅದು ಮೆರಿಟ್ ಮೇಲೆ, ಮತ್ತೆ ಬೇರೆ ಸರಕಾರಿ ಸ್ಕಾಲರ್‌ಶಿಪ್ ತಗೊಂಡವರಿಗೆ ಸಿಗಲ್ಲ. ಕೇಂದ್ರದ ಇನ್ನೊಂದಿದೆ, ಹನ್ನೆರಡನೇಲಿ ಬೋರ್ಡಿನ ಮೇಲಿನ 20 ಪರ್ಸೆಂಟ್ ಒಳಗೆ ಬಂದ ಮಕ್ಕಳಿಗೆ ಡಿಗ್ರಿಯ ಮೊದಲ ವರ್ಷಗಳಲ್ಲಿ 12,000 ಕೊಡೋದು, ಅದರ ಆದಾಯ ಮಿತಿ 4.5 ಲಕ್ಷ, ಅಲ್ಲಿ ನಾವಿಲ್ಲ, ಅದನ್ನ ಹೊಡೆದು ಹಾಕಿದೆ.

ಎಲ್ಲ ಕಡೆನೂ 8 ಲಕ್ಷ ಅನ್ನೋದು ಬಾಗಿಲಲ್ಲಿ ನಿಂತಿದೆ ಅಂದ್ಮೇಲೆ ನಮ್ಮ ಆದಾಯ ಸರಿಯಾಗಿ ಎಷ್ಟು ಅಂತ ಮೊದ್ಲು ತಿಳ್ಕೋಬೇಕು. ಇಲ್ಲೇ ಬಹಳ ಜನ ಅಂದಾಜಲ್ಲಿ ಹೋಗ್ತಾರೆ. ನಮ್ಮ ಬಿಲ್ಡಿಂಗಲ್ಲೇ ಒಬ್ಬರು ಕೈಗೆ ಬರೋ ಸಂಬಳನ ಹನ್ನೆರಡರಿಂದ ಗುಣಿಸಿ "ನಮ್ದು 7 ಲಕ್ಷ" ಅಂತಾರೆ, ಇನ್ನೊಬ್ಬರು ಸ್ಟ್ಯಾಂಡರ್ಡ್ ಡಿಡಕ್ಷನ್ 75,000, ಎಲ್‌ಐಸಿ ಎಲ್ಲಾ ಕಳೆದು ಹೇಳ್ತಾರೆ. ಜಿಆರ್‌ಲಿ ಇರೋದು ಅಪ್ಪ ಅಮ್ಮ ಇಬ್ಬರದ್ದೂ ಸೇರಿಸಿ ಎಲ್ಲಾ ಮೂಲಗಳಿಂದ ಬರೋ ಒಟ್ಟು ಆದಾಯ ಅಂತ. ಹಾಗಾಗಿ ನಾನು ಏನೂ ಕಳೆಯೋಕೆ ಹೋಗ್ಲಿಲ್ಲ. ನಮ್ಮನೆಯವರು ಒಂದು ಕೇಟರಿಂಗ್ ಕಂಪನೀಲಿ ಅಕೌಂಟ್ಸ್ ನೋಡ್ಕೋತಾರೆ, ಅವರ ಸಂಬಳ 6,40,000, ದೀಪಾವಳಿ ಬೋನಸ್ 22,000, ಎರಡೂ ಸೇರಿ 6,62,000. ನಾನು ಮನೇಲಿ ಟ್ಯೂಷನ್ ಹೇಳ್ತೀನಿ, ವರ್ಷಕ್ಕೆ 72,000 ಆಗತ್ತೆ, ರಜೆ ತಿಂಗಳು ಬಿಟ್ಟು. ಎಫ್‌ಡಿ ಬಡ್ಡಿ 18,000, ಸೇವಿಂಗ್ಸ್ ಖಾತೆ ಬಡ್ಡಿ 3,000. ಊರಲ್ಲಿ ಕುಂದಾಪುರದ ಹತ್ರ ಜಾಗ ಇದೆ, ತೆಂಗಿನಕಾಯಿದು ನಮ್ಮ ಪಾಲಿಗೆ ಬಂದದ್ದು 25,000. ಒಟ್ಟು 7,80,000. ಗೆರೆಗೂ ನಮಗೂ ನಡುವೆ ಉಳಿದದ್ದು 20,000 ಅಷ್ಟೇ.

ಫಾರ್ಮ್ 16, ಅಂದ್ರೆ ಕಂಪನಿ ಕೊಡೋ ಸಂಬಳ-ಟ್ಯಾಕ್ಸಿನ ಸರ್ಟಿಫಿಕೇಟು, ಬರೋದು ಜೂನ್ ಮಧ್ಯದಲ್ಲಿ, ಅಷ್ಟು ಹೊತ್ತಿಗೆ ಅಡ್ಮಿಷನ್ ಗಲಾಟೆ ಶುರು ಆಗಿರತ್ತೆ. ಅದಕ್ಕೆ ನಾನು ಏಪ್ರಿಲ್ಲಲ್ಲೇ ಸಂಬಳದ ಸ್ಲಿಪ್ ಎಲ್ಲಾ ಕೂಡಿಸ್ಕೊಂಡೆ, ಆಮೇಲೆ ಇನ್‌ಕಮ್ ಟ್ಯಾಕ್ಸ್ ಪೋರ್ಟಲಲ್ಲಿ ಎಐಎಸ್ ಅಂತ ಇರತ್ತಲ್ಲ ಅದನ್ನ ತೆಗೆದು ನೋಡಿದೆ, ಬ್ಯಾಂಕು ಎಷ್ಟು ಬಡ್ಡಿ ಕೊಟ್ಟಿದೆ ಅನ್ನೋದು ಅದ್ರಲ್ಲಿ ಪೈಸೆ ಪೈಸೆ ಬಂದಿರತ್ತೆ. ನಾವು ಮರೆತಿದ್ದ ಒಂದು ಸಣ್ಣ ರಿಕರಿಂಗ್ ಡಿಪಾಸಿಟ್ ಬಡ್ಡಿನೂ ಅಲ್ಲಿತ್ತು, ಅದೂ ಆ 18,000ದಲ್ಲಿ ಸೇರಿದೆ. ಮಾವ ನಮ್ಮ ಜೊತೇಲೇ ಇದಾರೆ, ಅವರ ಹೆಸರಲ್ಲೂ ಒಂದು ಎಫ್‌ಡಿ ಇದೆ, ಅದು ಸೇರಿದ್ರೆ ಗೆರೆ ದಾಟ್ತಿತ್ತೇನೋ ಅಂತ ಎದೆ ಡವಡವ ಅಂದಿತ್ತು, ಆದ್ರೆ ಇಡಬ್ಲ್ಯುಎಸ್‌ಗೆ ಕುಟುಂಬ ಅಂದ್ರೆ ಅರ್ಜಿದಾರ, ಅಪ್ಪ ಅಮ್ಮ, 18 ವರ್ಷದೊಳಗಿನ ಒಡಹುಟ್ಟಿದವರು, ಅಜ್ಜ ಅಜ್ಜಿ ಬರಲ್ಲ. ಇದನ್ನ ಓದಿದ ದಿನ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಆದಾಯದ ವಿಷಯ ಇಷ್ಟಾಯ್ತು, ಮುಂದಿನ ಪ್ರಶ್ನೆ ನಾವು ಯಾವ ಸಾಲಲ್ಲಿ ನಿಲ್ತೀವಿ ಅನ್ನೋದು. ನಮ್ಮ ಜಾತಿ ಕರ್ನಾಟಕದಲ್ಲಿ 3ಬಿಯಲ್ಲಿದೆ, ಮಹಾರಾಷ್ಟ್ರದ ಪಟ್ಟೀಲಿ ಇಲ್ಲ, ಇಲ್ಲಿ ನಾವು ಓಪನ್. ಇದು ಮುಂಬೈಯಲ್ಲಿರೋ ನಮ್ಮೂರ ಕಡೆ ಎಷ್ಟೋ ಮನೆಗಳ ಕಥೆ, ಊರಲ್ಲಿರೋ ಅಣ್ಣನ ಮಗನಿಗೆ ಸಿಗೋದು ಇಲ್ಲಿರೋ ತಮ್ಮನ ಮಗಳಿಗೆ ಸಿಗಲ್ಲ. ಊರಿಂದ ಜಾತಿ ಸರ್ಟಿಫಿಕೇಟ್ ತರಿಸಿ ಇಲ್ಲಿ ಓಬಿಸಿ ಅಂತ ಹಾಕೋಣ್ವಾ ಅಂತ ಕೆಲವರು ಕೇಳ್ತಾರೆ, ಅದಾಗಲ್ಲ, ಬೇರೆ ರಾಜ್ಯದ ಪಟ್ಟಿ ಇಲ್ಲಿ ನಡೆಯಲ್ಲ. ಓಪನ್ ಅಂದ್ಮೇಲೆ ಡೊಮಿಸೈಲ್ (ರಾಜ್ಯದ ನಿವಾಸಿ ಅನ್ನೋ ಸರ್ಟಿಫಿಕೇಟು), ಆದಾಯದ ದಾಖಲೆ ಇದ್ರೆ ಇಬಿಸಿಯ ಅರ್ಧ ನಂಬ್ಕೋಬಹುದು. ಪೂರ್ತಿ ಬೇಕಾದ್ರೆ ಇಡಬ್ಲ್ಯುಎಸ್ ಸರ್ಟಿಫಿಕೇಟ್ ಬೇಕು. ಮಗಳು ಹುಟ್ಟಿದ್ದು ಓದಿದ್ದು ಎಲ್ಲಾ ಮುಂಬೈಯಲ್ಲೇ, ಡೊಮಿಸೈಲ್ ಕಷ್ಟ ಇಲ್ಲ. ಆದ್ರೆ ಮಹಾರಾಷ್ಟ್ರದ ಇಡಬ್ಲ್ಯುಎಸ್‌ಗೆ ಒಂದು ಷರತ್ತಿದೆ, ನಮ್ಮ ಜನಕ್ಕೆ ಬಹಳ ಮುಖ್ಯ ಆದ್ದರಿಂದ ಬಿಡಿಸಿ ಹೇಳ್ತೀನಿ. ಅರ್ಜಿದಾರರ ಕುಟುಂಬ 13 ಅಕ್ಟೋಬರ್ 1967 ಅಥವಾ ಅದಕ್ಕಿಂತ ಮುಂಚೆಯಿಂದ ಮಹಾರಾಷ್ಟ್ರದಲ್ಲಿ ವಾಸ ಇರ್ಬೇಕು, ಅದಕ್ಕೆ ದಾಖಲೆ ಕೊಡ್ಬೇಕು. ಓಬಿಸಿ ಜಾತಿ ಸರ್ಟಿಫಿಕೇಟಿಗೂ ಇಲ್ಲಿ ಇದೇ ತಾರೀಖು, ಎಸ್‌ಸಿಯವರಿಗೆ ಇನ್ನೂ ಹಿಂದೆ, 10 ಆಗಸ್ಟ್ 1950. ನಮ್ಮನೆಯವರು ಹುಟ್ಟಿದ್ದೇ 1976ರಲ್ಲಿ. ಹಾಗಾದ್ರೆ ಉಳಿದವರು ಮಾವ ಒಬ್ರೇ.

ಮಾವ ಮುಂಬೈಗೆ ಬಂದದ್ದು 1961ರಲ್ಲಿ, ಹದಿಮೂರು ವರ್ಷದ ಹುಡುಗ, ಊರಿನ ಯಾರೋ ಒಬ್ಬರ ಜೊತೆ ಹಡಗಲ್ಲಿ. ಕೋಟೆ ಏರಿಯಾ ಅಂದ್ರೆ ಫೋರ್ಟಲ್ಲಿ ಒಂದು ಹೋಟ್ಲಲ್ಲಿ ಬೆಳಿಗ್ಗೆಯಿಂದ ಕಪ್ಪು ಬಸಿ ತೊಳೆಯೋದು, ಟೇಬಲ್ ಒರೆಸೋದು, ಸಂಜೆ ಆದ್ರೆ ಕನ್ನಡದ ರಾತ್ರಿಶಾಲೆ. ಆಗ ಫೋರ್ಟ್ ಸುತ್ತ ಹೋಟ್ಲು ಹುಡುಗರಿಗೋಸ್ಕರನೇ ಕನ್ನಡ ರಾತ್ರಿಶಾಲೆಗಳಿದ್ವು, ನಮ್ಮೂರ ಕಡೆಯ ಸಾವಿರಾರು ಮಂದಿ ಅಲ್ಲಿ ಓದಿ ಬ್ಯಾಂಕು, ಎಲ್‌ಐಸಿ, ಮಿಲ್ಲಿನ ಆಫೀಸು ಸೇರಿದವರು. ಮಾವನ ಕಥೆ ನಾವೆಲ್ಲ ಕೇಳಿದ್ದೇ, ಆದ್ರೆ ಕಥೆ ತಹಶೀಲ್ ಆಫೀಸಲ್ಲಿ ನಡೆಯಲ್ಲ, ಕಾಗದ ಬೇಕು. ರೇಶನ್ ಕಾರ್ಡ್ ನೋಡಿದ್ವಿ, ಅದು ಎಂಬತ್ತರ ದಶಕದ್ದು. ಚಾಳಿನ ಬಾಡಿಗೆ ರಸೀದಿ, ಅದು ಮದುವೆ ಆದ್ಮೇಲಿನದು, 1973. ಲೈಟ್ ಬಿಲ್ಲು ಹೋಟ್ಲು ಧಣಿ ಹೆಸರಲ್ಲಿ ಇರ್ತಿತ್ತು, ಇವರು ಮಲಗ್ತಿದ್ದದ್ದು ಹೋಟ್ಲಲ್ಲೇ.

ಆಮೇಲೆ ನಾನು ಮಾವನ್ನ ಕೇಳಿದೆ, "ಮಾವ, ರಾತ್ರಿಶಾಲೆ ಬಿಟ್ಟಾಗ ಸರ್ಟಿಫಿಕೇಟ್ ಕೊಟ್ಟಿದ್ರಾ?"

"ಕೊಟ್ಟಿದ್ರ್ ಮಾರಾಯ್ತಿ, ಎಸ್ಸೆಸ್ಸಿ ಪಾಸಾದ್ ಮೇಲೆ. ಟ್ರಂಕಿನಂಗ್ ಇಪ್ಪುಕ್ ಸಾಕ್, ಕಾಣ್" ಅಂದ್ರು.

ಅಟ್ಟದ ಮೇಲಿನ ಟ್ರಂಕಿನಲ್ಲಿ ಅತ್ತೆಯ ಮದುವೆ ಸೀರೆ ಕೆಳಗೆ ಒಂದು ಕಂದು ಲಕೋಟೆ, ಅದ್ರಲ್ಲಿ ನಾಲ್ಕು ಮಡಿಕೆ ಆಗಿರೋ ಕಾಗದ, ಮಡಿಕೆ ಜಾಗದಲ್ಲಿ ಹರಿದದ್ದಕ್ಕೆ ಹಿಂದಿನಿಂದ ಬಿಳಿ ಬಟ್ಟೆ ಪಟ್ಟಿ ಅಂಟಿಸಿದಾರೆ. ಇಂಗ್ಲಿಷಲ್ಲಿ ಅಚ್ಚಾದ ಫಾರ್ಮು, ನೀಲಿ ಶಾಯಿಯಲ್ಲಿ ಹೆಡ್‌ಮಾಸ್ತರ ಕೈಬರಹ, ಕೆಳಗೆ ಕನ್ನಡದ ದುಂಡು ಸೀಲು. ಹುಟ್ಟಿದ ಜಾಗ ಅಂತ ಇರೋ ಕಡೆ ಬಸ್ರೂರು, ಸೌತ್ ಕೆನರಾ ಜಿಲ್ಲೆ, ಮೈಸೂರು ರಾಜ್ಯ. ಸೇರಿದ ತಾರೀಖು ಜೂನ್ 1962, ಬಿಟ್ಟ ತಾರೀಖು ಜೂನ್ 1966. ಶಾಲೆ ವಿಳಾಸ ಫೋರ್ಟ್, ಬಾಂಬೆ 1. ನಾನು ಅದನ್ನ ಓದಿ ಹೇಳಿದಾಗ ಮಗಳು ಅಜ್ಜಯ್ಯನ ಪಕ್ಕ ಕೂತಿದ್ಲು, ಅವಳು ಮೊದ್ಲು ನೋಡಿದ್ದು ಮಾರ್ಕ್ಸಲ್ಲ, "ನಡತೆ: ಬಹಳ ಒಳ್ಳೆಯದು" ಅಂತ ಬರೆದದ್ದನ್ನ. ಮಾವ ಅದಕ್ಕೆ ಏನೂ ಹೇಳ್ಲಿಲ್ಲ, ಕನ್ನಡಕ ತೆಗೆದು ಒರೆಸ್ಕೊಂಡ್ರು. ಹಗಲೆಲ್ಲ ಕಪ್ಪು ತೊಳೆದ ಹುಡುಗ ರಾತ್ರಿ ಹತ್ತು ಗಂಟೆವರೆಗೆ ಬೆಂಚಲ್ಲಿ ಕೂತು ಓದಿದ್ದು, ಅರುವತ್ತು ವರ್ಷ ಆದ್ಮೇಲೆ ಮೊಮ್ಮಗಳ ಫೀಸಿಗೆ ಬರತ್ತೆ ಅಂತ ಯಾರು ಅಂದ್ಕೊಂಡಿದ್ರು, ನಂಗೆ ಅವತ್ತು ಹೃದಯ ತುಂಬಿ ಬಂತು, ಈಗ ಬರೆಯೋವಾಗ್ಲೂ ಬರ್ತಿದೆ.

ಕಾಗದ ಸಿಕ್ತು ಅಂತ ಕೆಲಸ ಮುಗೀಲಿಲ್ಲ. ಅದ್ರಲ್ಲಿ ಮಾವನ ಹೆಸರು ಊರ ಪದ್ಧತೀಲಿ ಇದೆ, ಮನೆಯ ಇನಿಷಿಯಲ್ ಮೊದ್ಲು, ಆಮೇಲೆ ಹೆಸರು, ಸರ್‌ನೇಮೇ ಇಲ್ಲ. ಆಧಾರಲ್ಲಿ ಮುಂಬೈ ಪದ್ಧತಿ, ಹೆಸರು, ಅಪ್ಪನ ಹೆಸರು, ಸರ್‌ನೇಮು. ನಮ್ಮನೆಯವರ ಬರ್ತ್ ಸರ್ಟಿಫಿಕೇಟಲ್ಲಿ ಮಾವನ ಹೆಸರು ಮೂರನೇ ತರ. ಮೂರೂ ಒಬ್ಬನೇ ವ್ಯಕ್ತಿ ಅಂತ ಮಾವನ ಕೈಲೇ ಅಫಿಡವಿಟ್ ಮಾಡಿಸಿದ್ವಿ. ಇಲ್ಲಿ ಒಂದು ವಿಷಯ ತಿಳ್ಕೊಂಡೆ, ಸರಪಳಿ ಕಡಿಬಾರ್ದು: ಮಗಳ ಬರ್ತ್ ಸರ್ಟಿಫಿಕೇಟಲ್ಲಿ ಅಪ್ಪನ ಹೆಸರು, ಅಪ್ಪಂದರಲ್ಲಿ ಅಜ್ಜನ ಹೆಸರು, ಅಜ್ಜಂದು ಶಾಲೆ ಕಾಗದ, ಮೂರೂ ಒಂದಕ್ಕೊಂದು ಕೊಂಡಿ ಆಗ್ಬೇಕು. ಸರಕಾರಿ ಸರ್ಟಿಫಿಕೇಟಿನ ಅರ್ಜಿ ತಗೊಳ್ಳೋ ಸೇತು ಕೇಂದ್ರದ ಕೌಂಟರಲ್ಲಿ ಇದ್ದ ಹುಡುಗ ಸರ್ಟಿಫಿಕೇಟ್ ನೋಡಿ ಮರಾಠೀಲಿ ಕೇಳಿದ, ಜನ್ಮಸ್ಥಳ ಮೈಸೂರು ರಾಜ್ಯ ಇದೆಯಲ್ಲ ಅಂತ. ಹುಟ್ಟಿದ ಜಾಗ ಅಲ್ಲಪ್ಪ ನೋಡ್ಬೇಕಾದ್ದು, 1962ರಿಂದ 66ರವರೆಗೆ ನಾಲ್ಕು ವರ್ಷ ಬಾಂಬೇಲಿ ಶಾಲೆಗೆ ಹೋಗಿದಾರೆ, 1967ಕ್ಕೆ ಮುಂಚೆ ಇಲ್ಲಿದ್ರು ಅನ್ನೋಕೆ ಅದೇ ಸಾಕ್ಷಿ ಅಂತ ನಾನೂ ಮರಾಠೀಲೇ ಬಿಡಿಸಿ ಹೇಳಿದೆ. ಅವನು ಒಳಗೆ ಹೋಗಿ ಕೇಳ್ಕೊಂಡು ಬಂದು ತಗೊಂಡ. ಮೂಲ ಕಾಗದ ಮಾತ್ರ ಕೈ ಬಿಡ್ಲಿಲ್ಲ ನಾನು, ತೋರಿಸಿದೆ, ಝೆರಾಕ್ಸ್ ಕೊಟ್ಟೆ, ವಾಪಸ್ ತಂದೆ.

ಇದೇ ಹೊತ್ತಲ್ಲಿ ಗಮನಕ್ಕೆ ಬಂದ ಇನ್ನೊಂದು ಮಾತು, ಇಡಬ್ಲ್ಯುಎಸ್‌ದು ರಾಜ್ಯದ ನಮೂನೆ ಬೇರೆ, ಕೇಂದ್ರದ ನಮೂನೆ ಬೇರೆ. ಜೆಇಇ ಬರೆದು ಐಐಟಿ, ಎನ್‌ಐಟಿ ಕಡೆ ನೋಡೋರಿಗೆ ಕೇಂದ್ರದ್ದು ಬೇಕು, ಅದ್ರಲ್ಲಿ ಆದಾಯದ ಜೊತೆ ಆಸ್ತಿನೂ ನೋಡ್ತಾರೆ, 5 ಎಕರೆ ಕೃಷಿ ಜಮೀನು, 1000 ಚದರ ಅಡಿಯ ಫ್ಲ್ಯಾಟು ಇದ್ರೆ ಹೊರಗೆ. ನಮ್ಮದು ಒನ್ ಬಿಎಚ್‌ಕೆ, ಊರಿನ ಜಾಗನೂ ಸಣ್ಣದು, ಅದಕ್ಕೆ ತೊಂದ್ರೆ ಇರ್ಲಿಲ್ಲ, ಆದ್ರೆ ಒಂದು ತಗೊಂಡ್ರೆ ಎರಡಕ್ಕೂ ನಡೆಯತ್ತೆ ಅಂತ ತಿಳ್ಕೊಂಡು ಕೂತವರನ್ನ ನಾನು ಆ ಸಾಲಲ್ಲೇ ನೋಡಿದೆ.

ಈಗ ನೋಟ್‌ಬುಕ್ಕಿನ ಮುಖ್ಯ ಹಾಳೆಗೆ ಬರ್ತೀನಿ. ಖಾಸಗಿ ಕಾಲೇಜಿನ ಫೀಸನ್ನ ಇಲ್ಲಿ ಫೀ ರೆಗ್ಯುಲೇಟಿಂಗ್ ಅಥಾರಿಟಿ ನಿಗದಿ ಮಾಡತ್ತೆ, ಟ್ಯೂಷನ್ ಫೀ ಎಷ್ಟು, ಡೆವಲಪ್‌ಮೆಂಟ್ ಫೀ ಎಷ್ಟು ಅಂತ ಬೇರೆ ಬೇರೆ. ಇದು ಬೇರೆ ಬೇರೆ ಇರೋದು ಬಹಳ ಮುಖ್ಯ, ಯಾಕಂದ್ರೆ ಸರಕಾರ ಕೊಡೋದು ಟ್ಯೂಷನ್ ಫೀ ಮತ್ತು ಪರೀಕ್ಷೆ ಫೀ ಲೆಕ್ಕದಲ್ಲಿ, ಡೆವಲಪ್‌ಮೆಂಟ್ ಫೀ ನಮ್ಮ ತಲೆ ಮೇಲೇ. ಸ್ಕಾಲರ್‌ಶಿಪ್ ಅಂದ್ರೆ ಎಲ್ಲಾ ಮಾಫಿ ಅಂದ್ಕೊಂಡು ಹೋದವರು ಕಾಲೇಜಿನ ಕೌಂಟರಲ್ಲಿ ಹೌಹಾರ್ತಾರೆ. ನಾನು ಮಗಳ ಮನಸ್ಸಲ್ಲಿದ್ದ ಎರಡು ಕಾಲೇಜು ತಗೊಂಡೆ. ಒಂದರ ಟ್ಯೂಷನ್ 1,52,000, ಡೆವಲಪ್‌ಮೆಂಟ್ 15,000, ಒಟ್ಟು 1,67,000. ಇನ್ನೊಂದು ಹೆಸರಿರೋ ಕಾಲೇಜು, ಟ್ಯೂಷನ್ 2,10,000, ಡೆವಲಪ್‌ಮೆಂಟ್ 20,000, ಒಟ್ಟು 2,30,000.

ಏನೂ ಸಹಾಯ ಸಿಗ್ಲಿಲ್ಲ ಅಂದ್ರೆ ಮೊದಲನೇದಕ್ಕೆ ನಾಲ್ಕು ವರ್ಷಕ್ಕೆ 6,68,000, ಎರಡನೇದಕ್ಕೆ 9,20,000, ಫೀಸು ಏರದೇ ಇದ್ರೆ. ಅರ್ಧ ಸಿಕ್ಕರೆ ಮೊದಲನೇದಕ್ಕೆ ವರ್ಷಕ್ಕೆ 76,000 ಜೊತೆ 15,000, ಅಂದ್ರೆ 91,000, ಎರಡನೇದಕ್ಕೆ 1,25,000. ಪೂರ್ತಿ ಸಿಕ್ಕರೆ 15,000 ಮತ್ತು 20,000. ಈ ಮೂರು ಸಾಲು ಒಂದರ ಕೆಳಗೆ ಒಂದು ಬರೆದಾಗ ನಂಗೆ ಕಂಡದ್ದೇನಂದ್ರೆ, ಸಹಾಯ ಇಲ್ದಿದ್ರೆ ಎರಡು ಕಾಲೇಜಿನ ನಡುವೆ ವರ್ಷಕ್ಕೆ 63,000 ವ್ಯತ್ಯಾಸ, ಅರ್ಧ ಆದ್ರೆ 34,000, ಪೂರ್ತಿ ಆದ್ರೆ ಬರೀ 5,000. ಅಂದ್ರೆ ಪೂರ್ತಿ ಸಿಗತ್ತೆ ಅಂತ ಖಾತ್ರಿ ಇದ್ರೆ ದುಬಾರಿ ಕಾಲೇಜಿಗೆ ಹೆದರಿ ಅದನ್ನ ಕೆಳಗೆ ಹಾಕೋ ಅಗತ್ಯನೇ ಇಲ್ಲ! ಅಡ್ಮಿಷನ್ ಆದ್ಮೇಲೆ ನೋಡೋಣ ಅನ್ನೋರು ಆಪ್ಷನ್ ಫಾರ್ಮಲ್ಲಿ, ಅಂದ್ರೆ ಬೇಕಾದ ಕಾಲೇಜುಗಳನ್ನ ಕ್ರಮವಾಗಿ ಹಾಕೋ ಫಾರ್ಮಲ್ಲಿ, ಅಗ್ಗದ ಕಾಲೇಜು ಮೇಲೆ ಹಾಕಿ, ಮೊದಲ ರೌಂಡಲ್ಲಿ ಮೊದಲ ಆಪ್ಷನ್ನೇ ಸಿಕ್ಕಿ, ಅದು ಫ್ರೀಜ್ ಆಗಿ, ಅಂದ್ರೆ ಮುಂದೆ ಬದಲಾಯಿಸೋಕಾಗದೆ, ಆಮೇಲೆ ನಮ್ಗೆ ಪೂರ್ತಿ ಫೀಸ್ ಸಿಗ್ತಿತ್ತು ಅಂತ ತಿಳಿದ್ರೆ ಆ ಮಗುಗೆ ಎಷ್ಟು ಅನ್ಯಾಯ. ನಾನು ಇಷ್ಟುದ್ದ ಬರೀತಿರೋದು ಇದೊಂದಕ್ಕೇ. ಲೆಕ್ಕ ಆಪ್ಷನ್ ಫಾರ್ಮಿಗೆ ಮುಂಚೆ ಆಗ್ಬೇಕು.

ಮತ್ತೆ ಯಾವ ಬಾಗಿಲಿಂದ ಒಳಗೆ ಹೋಗ್ತೀವಿ ಅನ್ನೋದು. ಕ್ಯಾಪ್, ಅಂದ್ರೆ ಸರಕಾರದ ಕೇಂದ್ರೀಕೃತ ಸೀಟು ಹಂಚಿಕೆ ಮೂಲಕ ಸೀಟು ಸಿಕ್ಕಿರ್ಬೇಕು, ಮ್ಯಾನೇಜ್‌ಮೆಂಟ್ ಕೋಟಾ, ಕಾಲೇಜು ಮಟ್ಟದ ಸೀಟು ತಗೊಂಡ್ರೆ ಆದಾಯ ಎಷ್ಟೇ ಕಮ್ಮಿ ಇರ್ಲಿ ಈ ಶಿಷ್ಯವೃತ್ತಿ ಇಲ್ಲ. ಖಾಸಗಿ ಡೀಮ್ಡ್ ಯೂನಿವರ್ಸಿಟಿ, ಸ್ವಂತ ದುಡ್ಡಲ್ಲಿ ನಡೆಯೋ ಖಾಸಗಿ ಯೂನಿವರ್ಸಿಟಿಗಳೂ ಹೊರಗೆ. ಫಲಿತಾಂಶ ಬಂದ ವಾರದಲ್ಲೇ ಒಬ್ಬ ಕನ್ಸಲ್ಟೆಂಟ್ ಫೋನ್ ಮಾಡಿದ್ದ, "ಮೇಡಂ ಸೀಟ್ ಕನ್ಫರ್ಮ್ ಮಾಡಿ, ಸ್ಕಾಲರ್‌ಶಿಪ್ ನಾವೇ ಮಾಡಿಸ್ಕೊಡ್ತೀವಿ" ಅಂತ. ಕ್ಯಾಪ್ ಸೀಟಾ ಅಂತ ಕೇಳಿದೆ. "ಅದೆಲ್ಲಾ ಒಂದೇ ಮೇಡಂ" ಅಂದ. ಒಂದಲ್ಲ. ನಮ್ಮ ಲೆಕ್ಕದಲ್ಲಿ ಆ ಒಂದು ಮಾತಿನ ಬೆಲೆ ನಾಲ್ಕು ವರ್ಷಕ್ಕೆ ಆರು ಲಕ್ಷದ ಮೇಲೆ, ಅಪ್ಪ ಅಮ್ಮ ಗಾಬರಿಯಲ್ಲಿರೋ ಹೊತ್ತು ನೋಡಿ ಹೀಗೆ ಹೇಳೋರ ಮೇಲೆ ನಂಗೆ ಸಿಟ್ಟು ಬರತ್ತೆ.

ಬ್ಯಾಂಕ್ ಸಾಲದ ಕಡೆನೂ ನೋಡಿ ಇಟ್ಕೊಂಡಿದ್ದೆ, ಇಡಬ್ಲ್ಯುಎಸ್ ಕಾಗದ ಸಕಾಲಕ್ಕೆ ಬರದಿದ್ರೆ ಅಂತ. 4 ಲಕ್ಷದವರೆಗೆ ಅಡಮಾನ ಇಲ್ಲ, 7.5 ಲಕ್ಷದವರೆಗೆ ಸರಕಾರದ ಗ್ಯಾರಂಟಿ ಇರೋದರಿಂದ ಅಡಮಾನ ಕೇಳಬಾರದು. 2024ರ ನವೆಂಬರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಇದೆ, ಪಟ್ಟೀಲಿರೋ ಕಾಲೇಜಾದ್ರೆ, ಮನೆ ಆದಾಯ 8 ಲಕ್ಷದೊಳಗಿದ್ರೆ, 10 ಲಕ್ಷದವರೆಗಿನ ಸಾಲಕ್ಕೆ ಬಡ್ಡೀಲಿ 3 ಪರ್ಸೆಂಟ್ ಸರಕಾರ ಕೊಡತ್ತೆ, ಆದ್ರೆ ಬೇರೆ ಸರಕಾರಿ ಸ್ಕಾಲರ್‌ಶಿಪ್ ತಗೊಳ್ಳೋರಿಗೆ ಆ ಬಡ್ಡಿ ರಿಯಾಯ್ತಿ ಇಲ್ಲ, ಎರಡರಲ್ಲಿ ಒಂದು. ಹಾಗಾಗಿ ಸಾಲನ ನಾನು ಸಹಾಯ ಅಂತ ಲೆಕ್ಕಕ್ಕೆ ಸೇರಿಸ್ಲಿಲ್ಲ, ಬೇರೆ ಹಾಳೇಲಿ ಬರೆದಿಟ್ಟೆ. ಪ್ರಗತಿಯ 50,000ನೂ ಹಾಗೇ, ನಮ್ಮ ಮಗಳಿಗೆ ಪೂರ್ತಿ ಫೀಸ್ ಸಿಗೋದಾದ್ರೆ ಅದು ಬೇಡ, ಅದು ಕೂಡಿಸೋ ದುಡ್ಡಲ್ಲ. ಕಾಗದದ ಮೇಲೆ ಎಲ್ಲಾ ಯೋಜನೆನೂ ಒಟ್ಟಿಗೆ ಕೂಡಿಸಿ ಸಂತೋಷ ಪಡೋರು ಇದಾರೆ, ಒಂದು ತಗೊಂಡ್ರೆ ಇನ್ನೊಂದು ಹೋಗತ್ತೆ ಅನ್ನೋದು ಪ್ರತಿ ಯೋಜನೆಯ ಕೊನೇ ಸಾಲಲ್ಲಿ ಬರೆದಿರತ್ತೆ, ಅಲ್ಲಿವರೆಗೆ ಓದ್ಬೇಕು.

ಇಡಬ್ಲ್ಯುಎಸ್ ಸರ್ಟಿಫಿಕೇಟ್ ಕ್ಯಾಪ್ ನೋಂದಣಿ ಮುಗಿಯೋಕೆ ಮುಂಚೆ ಬಂತು. ಬರದಿದ್ರೆ ಅರ್ಜಿ ಹಾಕಿದ ರಸೀದಿ ತೋರಿಸಿ ಸೇರಬಹುದಿತ್ತು, ಆದ್ರೆ ಹೇಳಿದ ಅವಧಿಯೊಳಗೆ ಮೂಲ ಕೊಡದಿದ್ರೆ ಓಪನ್‌ಗೆ ಹಾಕ್ತಾರೆ. ಆಪ್ಷನ್ ಫಾರ್ಮ್ ತುಂಬೋ ದಿನ ಮಗಳು, ನಾನು, ನಮ್ಮನೆಯವರು ಮೂರು ಜನ ಲ್ಯಾಪ್‌ಟಾಪ್ ಮುಂದೆ. ಹೆಸರಿರೋ ಕಾಲೇಜಿನ ಕಂಪ್ಯೂಟರ್ ಮೊದಲು, ಅದೇ ಕಾಲೇಜಿನ ಐಟಿ ಎರಡನೇದು, ಆಮೇಲೆ ಇನ್ನೊಂದು ಕಾಲೇಜು. ನಮ್ಮನೆಯವರಿಗೆ ಇನ್ನೂ ಅಳುಕಿತ್ತು. "ಸ್ಕಾಲರ್‌ಶಿಪ್ ಬರ್ಲಿಲ್ಲಾಂದ್ರೆ 2,30,000 ಎಲ್ಲಿಂದ ತರೋದು" ಅಂದ್ರು. ಅದಕ್ಕೂ ನನ್ನ ಹತ್ರ ಸಾಲು ಇತ್ತು, ಅರ್ಧವೇ ಬಂದ್ರೆ 1,25,000, ಅದಕ್ಕೆ ಮುರಿಯೋ ಎಫ್‌ಡಿ ಯಾವುದು, ಏನೂ ಬರದಿದ್ರೆ ಮೊದಲ ವರ್ಷಕ್ಕೆ ಸಾಲ ಎಷ್ಟು, ಕಂತು ಸುಮಾರು ಎಷ್ಟು ಅಂತ. ತೋರಿಸಿದೆ. ಸ್ವಲ್ಪ ಹೊತ್ತು ನೋಡಿ "ಹಾಕು" ಅಂದ್ರು.

ಎರಡನೇ ರೌಂಡಲ್ಲಿ ಐಟಿ ಸಿಕ್ತು, ಆ ಹೆಸರಿರೋ ಕಾಲೇಜಲ್ಲೇ, ಇಡಬ್ಲ್ಯುಎಸ್ ಸೀಟು. ಕಾಲೇಜಲ್ಲಿ ಡೆವಲಪ್‌ಮೆಂಟ್ ಫೀ, ಜೊತೆಗೆ ಡಿಪಾಸಿಟ್ಟು, ಐಡಿ ಕಾರ್ಡು, ಇನ್ಶೂರೆನ್ಸು ಅಂತ ಸಣ್ಣ ಪುಟ್ಟದು ಸೇರಿ 26,000 ಚಿಲ್ಲರೆ ಕಟ್ಟಿದ್ವಿ, ನಮ್ಮ ಅಂದಾಜು 20,000 ಇತ್ತು, ಆ ಚಿಲ್ಲರೆ ಬಾಬ್ತುಗಳು ಕಾಲೇಜಿಂದ ಕಾಲೇಜಿಗೆ ಬೇರೆ, ಮುಂಚೆನೇ ಆಫೀಸಿಗೆ ಫೋನ್ ಮಾಡಿ ಕೇಳಿದ್ರೆ ಹೇಳ್ತಾರೆ. ಮಹಾಡಿಬಿಟಿ ಅರ್ಜಿ ಮಗಳೇ ತುಂಬಿದ್ಲು. ಅವಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸೋದನ್ನ ಹನ್ನೊಂದನೇ ಕ್ಲಾಸಲ್ಲೇ ಮಾಡಿಸಿದ್ವಿ, ದುಡ್ಡು ಆಧಾರ್ ಜೋಡಿಸಿರೋ ಖಾತೆಗೇ ಬರೋದು, ಇಲ್ದಿದ್ರೆ ಎಲ್ಲಾ ಸರಿ ಇದ್ದೂ ಅಲ್ಲೇ ನಿಲ್ಲತ್ತೆ. ಪ್ರತಿ ವರ್ಷ ರಿನ್ಯೂವಲ್ ಇದೆ, ಪಾಸಾಗ್ತಾ ಹೋಗ್ಬೇಕು. ಒಂದು ಮನೇಲಿ ಮೊದಲ ಎರಡು ಮಕ್ಕಳಿಗೆ ಮಾತ್ರ ಇಬಿಸಿ, ನಮಗೆ ಇವಳು, ಆಮೇಲೆ ಎಂಟನೇಲಿರೋ ಮಗ, ಹಾಗಾಗಿ ಅವನ ಸಾಲೂ ನೋಟ್‌ಬುಕ್ಕಲ್ಲಿ ಖಾಲಿ ಬಿಟ್ಟಿದೀನಿ, ಅವನು ಹುಡುಗ, ಅವನಿಗೆ ಸದ್ಯದ ನಿಯಮದಲ್ಲಿ ಅರ್ಧ.

ಈಗ ನಮ್ಮ ಮೇಲಿನ ಮಹಡಿ ಅಕ್ಕನ ಮಗ ಹನ್ನೆರಡನೇಲಿದಾನೆ, ಅವರೂ ಕುಂದಾಪುರದ ಕಡೆಯವರೇ. ಅವರ ಮಾವ ಮುಂಬೈಗೆ ಬಂದದ್ದು 1974ರಲ್ಲಿ, ಹಾಗಾಗಿ ರಾಜ್ಯದ ಇಡಬ್ಲ್ಯುಎಸ್ ಆಗಲ್ಲ, ಹುಡುಕಿ ಸಮಯ ಕಳೀಬೇಡಿ ಅಂದೆ. ಆದಾಯ 6 ಲಕ್ಷದ ಹತ್ರ ಇದೆ, ಡೊಮಿಸೈಲ್ ಇದೆ, ಇಬಿಸಿಯಲ್ಲಿ ಅರ್ಧಕ್ಕೆ ಅಡ್ಡಿ ಇಲ್ಲ. ಹುಡುಗನಿಗೆ ಮಾರ್ಕ್ಸ್ ಚೆನ್ನಾಗಿ ಬರತ್ತೆ, ಟಿಎಫ್‌ಡಬ್ಲ್ಯುಎಸ್ ಬೇಕು ಅಂತ ಅರ್ಜೀಲೇ ಟಿಕ್ ಮಾಡಿ, ಕೊನೇಲಿ ಟಿ ಇರೋ ಕೋಡ್‌ಗಳನ್ನ ಅದೇ ಬ್ರಾಂಚಿನ ಮಾಮೂಲಿ ಕೋಡಿಗಿಂತ ಮೇಲೆ ಹಾಕಿ, ಅದ್ರ ಕಟಾಫ್ ಜಾಸ್ತಿ ಇರತ್ತೆ, ಸಿಗದಿದ್ರೆ ಕೆಳಗಿನದು ಹೇಗೂ ಇದೆ ಅಂತ ಹೇಳಿದೀನಿ. ಭಾನುವಾರ ಫಾರ್ಮ್ 16 ತಗೊಂಡು ಬನ್ನಿ, ಕೂತು ಸಾಲು ಹಾಕೋಣ ಅಂದಿದೀನಿ, ಎಐಎಸ್‌ದೂ ಪ್ರಿಂಟ್ ಜೊತೇಲಿರ್ಲಿ.